ಮೋತಿಯ ತಾಟಿನಲ್ಲಿ ಗಡಿ ತಂಟೆ

ಹೈದರಾಬಾದಿನ ಫ್ಲ್ಯಾಟಿನಲ್ಲಿ ಜಾಗ ಸಾಲದೆ ಮಗ ತನ್ನ ಲ್ಯಾಬ್ರಡಾರನ್ನು ಜಹೀರಾಬಾದಿನ ನಮ್ಮ ಮನೆಗೆ ತಂದು ಬಿಟ್ಟ. "ಅಪ್ಪಾ, ಮೋತಿಗಿ ಡ್ರೈ ಫುಡ್ಡೇ ಹಾಕ್ರಿ. ಚೀಲದ ಮ್ಯಾಲಿಂದು ಓದಿ ಛಲೋದು ತರ್ರಿ" ಎಂದು ಹೇಳಿ ಹೋದ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಓದು ಅಂದರೆ ಹಿಗ್ಗೇ. ಪಾಠವೆಲ್ಲ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಚೀಲದ ಬೆನ್ನಿಗೆ ಅಂಟಿರುತ್ತದೆಂದು ಅಂಗಡಿಗೆ ಹೋದ ಮೇಲೆ ತಿಳಿಯಿತು.

ಮೊದಲ ಚೀಲದ ಮುಂದೆ ಕೋಳಿಯ ಚಿತ್ರ. ಹಿಂದೆ ತಿರುಗಿಸಿದರೆ ಮೊದಲ ಹೆಸರು ಧಾನ್ಯದ್ದು. ಹೆಚ್ಚು ತೂಕದ ಪದಾರ್ಥವನ್ನು ಮೊದಲು ಬರೆಯುವುದು ರೂಢಿ. ಕೋಳಿ ಮುಂಬಾಗಿಲಲ್ಲಿ ಕೂಗಿ ಹಿತ್ತಿಲಲ್ಲಿ ಕಾಳು ಹೆಕ್ಕುತ್ತಿತ್ತು. ಎರಡನೆಯದರಲ್ಲಿ ತಾಜಾ ಕೋಳಿಗೇ ಮೊದಲ ರ್‍ಯಾಂಕು. ಆದರೆ ತಾಜಾ ಮಾಂಸದ ತೂಕದಲ್ಲಿ ಶೇ. 70ರಷ್ಟು ನೀರೇ; ನೀರು ಇಂಗಿದ ಮೇಲೆ ಆ ಹುಡುಗ ಎಷ್ಟನೆಯ ಬೆಂಚಿನಲ್ಲಿ ಕೂರುತ್ತಾನೋ! ಪ್ರೋಟೀನಿಗೆ ಮಾತ್ರ ಪಾಸು ಅಂಕ ನಿಗದಿಯಾಗಿದೆ: ಅಮೆರಿಕದಲ್ಲಿ ಪ್ರಾಣಿಗಳ ಆಹಾರಕ್ಕೆ ಮಟ್ಟ ಗೊತ್ತುಮಾಡುವ ಆಫ್ಕೋ ಸಂಘದ ಮಾನದಂಡದಂತೆ, ನೀರಿನಂಶ ಕಳೆದು ಲೆಕ್ಕ ಹಾಕಿದರೆ, ಬೆಳೆದ ನಾಯಿಗೆ ಕನಿಷ್ಠ ಶೇ. 18, ಮರಿಗೆ 22.5.

ಮೂರನೆಯ ಚೀಲ 'ಧಾನ್ಯರಹಿತ'. ಬೆಲೆಯೂ ಎಲ್ಲಕ್ಕಿಂತ ಮೇಲೆ. ಜೋಳದ ಸೀಮೆಯಲ್ಲಿ ಕೂತು ಜೋಳ ಇಲ್ಲದ್ದಕ್ಕೆ ದುಡ್ಡು ಕೊಡುವುದೆ? ತಾಂಡೂರಿನ ಬೀಗರಿಗೆ ಫೋನು ಮಾಡಿದೆ. 2022ರಲ್ಲಿ ತಮ್ಮೂರ ತೊಗರಿಗೆ ಭೌಗೋಳಿಕ ಗುರುತಿನ (ಜಿಐ) ಪಟ್ಟ ಬಂದಾಗಿನಿಂದ ಅವರ ಮಾತು ತೊಗರಿ ಹೊಲ ದಾಟುವುದಿಲ್ಲ. "ಜ್ವಾಳ ಇಲ್ಲಂದ್ರ ಬ್ಯಾಳಿ ಇರ್ತದ್ರಿ ಬೀಗರ, ಕಣ್ಣು ಮುಚ್ಚಿ ತಗೋರಿ!" ಇತ್ತು ನಿಜ, ಬಟಾಣಿ ಮತ್ತು ಮಸೂರ ಬೇಳೆ. ಆದರೆ ಇಂಥವು ತುಂಬಿದ ಆಹಾರಕ್ಕೂ ನಾಯಿಗಳ ಒಂದು ಹೃದ್ರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆಗೆ ಇಳಿದಿತ್ತು. ಅಪರಾಧ ಸಾಬೀತಾಗಲಿಲ್ಲ. ಆದರೂ ತಾಂಡೂರಿನವರ ಮುಂದೆ ಬೇಳೆಯ ಮೇಲೆ ಅನುಮಾನ ಆಡಿ ಬೀಗತನ ಕೆಡಿಸಿಕೊಳ್ಳಲು ನಾನು ಸಿದ್ಧನಿರಲಿಲ್ಲ.

ನಾರಾಯಣಖೇಡದ ಅತ್ತೆಯವರ ತೀರ್ಪು ಬೇರೆ. "ನಾಯಿಗಿ ಚೀಲದ ಊಟ ಯಾಕ್ರಿ ಮಾಸ್ತರ? ನಮ್ಮ ಕರಿಯಾ ರೊಟ್ಟಿ ತಿಂದೇ ಮುದುಕ ಆಗಲಿಲ್ಲೇನು?" ವಿಜ್ಞಾನವೂ ಅತ್ತೆಯ ಪಕ್ಷಕ್ಕೆ ಒಂದು ಸಾಕ್ಷಿ ಹೇಳುತ್ತದೆ: ತೋಳಕ್ಕಿಂತ ನಾಯಿ ಪಿಷ್ಟವನ್ನು ಚೆನ್ನಾಗಿ ಅರಗಿಸಿಕೊಳ್ಳುವಂತೆ ಅದರ ವಂಶವಾಹಿಗಳೇ ಬದಲಾಗಿವೆಯೆಂದು 2013ರಲ್ಲಿ 'ನೇಚರ್' ಪತ್ರಿಕೆಯ ಅಧ್ಯಯನ ತೋರಿಸಿತು. ಮನುಷ್ಯನ ಬಾಗಿಲಲ್ಲಿ ಸಾವಿರಾರು ವರ್ಷ ಕಾದದ್ದಕ್ಕೆ ಸಿಕ್ಕ ಬಹುಮಾನ ಅದು! ಆದರೆ ನಮ್ಮ ರೊಟ್ಟಿ ಒಂಟಿಯಾಗಿ ಬರುವುದಿಲ್ಲ, ಉಳ್ಳಾಗಡ್ಡಿಯ ಕೈ ಹಿಡಿದೇ ಬರುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತವೆ.

ಕೊನೆಗೆ ದನದ ಡಾಕ್ಟರ ಬಳಿ ಹೋದೆ. ಅವರು ಮೋತಿಯ ಪಕ್ಕೆ ಸವರಿದರು: ಎಲುಬು ಕಣ್ಣಿಗೆ ಎದ್ದು ಕಾಣಬಾರದು, ಬೆರಳಿಗೆ ಸಿಗಬೇಕು. ವಯಸ್ಸಿಗೆ ತಕ್ಕ 'ಪೂರ್ಣ, ಸಮತೋಲಿತ' ಎಂದು ಬರೆದ ಚೀಲ ಸಾಕು. ಅಳೆದು ಹಾಕಿ, ಪಕ್ಕದಲ್ಲಿ ನೀರಿಡಿ. ರೊಟ್ಟಿಗಿಟ್ಟಿ ಹತ್ತನೆಯ ಪಾಲು ಮೀರದಿರಲಿ. "ಒಮ್ಮೆಲೇ ಬದಲಿಸಬ್ಯಾಡ್ರಿ, ಹೊಟ್ಟಿ ಕೆಡ್ತದ. ಏಳು ದಿನ ಹಳೇದ್ರಾಗ ಹೊಸದು ಸ್ವಲ್ಪ ಸ್ವಲ್ಪ ಬೆರಸ್ರಿ."

ನಾಯಿಗೆ ಏಳು ದಿನದ ಮರ್ಯಾದೆ! ರಾಜ್ಯಗಳ ಮರುವಿಂಗಡಣೆಯಲ್ಲಿ ನಮಗೆ ಸಿಕ್ಕಿದ್ದು ಒಂದೇ ರಾತ್ರಿ. 1956ರ ಅಕ್ಟೋಬರ್ 31ರ ರಾತ್ರಿ ನಮ್ಮಪ್ಪ ಮಲಗಿದ್ದು ಬೀದರ ಜಿಲ್ಲೆಯಲ್ಲಿ, ಬೆಳಿಗ್ಗೆ ಅದೇ ಹಾಸಿಗೆಯಲ್ಲಿ ಎದ್ದದ್ದು ಆಂಧ್ರಪ್ರದೇಶದ ಮೆದಕಿನಲ್ಲಿ. ನಾರಾಯಣಖೇಡದ ಕಥೆಯೂ ಅಷ್ಟೇ. ತಾಂಡೂರು ಗುಲ್ಬರ್ಗದಿಂದ ಹೊರಟಿತು. ಆಮೇಲೆ ನಮ್ಮೂರು 2014ರಲ್ಲಿ ತೆಲಂಗಾಣಕ್ಕೆ, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಗೆ ಸೇರಿತು. ಹೊಟ್ಟೆ ಹೇಗಿದೆ ಎಂದು ಯಾರೂ ನಮ್ಮನ್ನು ಕೇಳಲಿಲ್ಲ.

ಅಲ್ಲಿಯವರೆಗೆ ಮೋತಿ ತಿನ್ನುತ್ತಿದ್ದ ರೊಟ್ಟಿಗೆ ಚೀಲದ ಕಾಳನ್ನು ಮೊದಲ ದಿನ ಕಾಲು ಪಾಲು, ನಾಲ್ಕನೆಯ ದಿನ ಅರ್ಧ ಪಾಲು ಬೆರೆಸಿದೆ. ಏಳನೆಯ ದಿನ ಬರೀ ಕಾಳು. ಮೋತಿ ಮೂಸಿ, ತಾಟು ಬಿಟ್ಟು ನನ್ನ ಮುಖ ನೋಡಿತು. ಚೀಲದ ಇಂಗ್ಲಿಷನ್ನು ಇನ್ನೊಮ್ಮೆ ಓದಿದೆ. ಬೀದಿಯ ತೆಲುಗಿನಲ್ಲಿ, ಸಂತೆಯ ದಖನಿಯಲ್ಲಿ ಬೇಡಿಕೊಂಡೆ. ಊಹೂಂ.

ಅಡುಗೆಮನೆಯಿಂದ ಬಂದ ಹೆಂಡತಿ ಅಂಗೈ ಸಾಲದಷ್ಟು ರೊಟ್ಟಿ ಮುರಿದು ಮೇಲೆ ಉದುರಿಸಿ, "ತಿನ್ನು, ನನ್ನಪ್ಪ" ಅಂದಳು.

ತಾಟು ಖಾಲಿಯಾಯಿತು. ರೊಟ್ಟಿಯನ್ನು ಲೆಕ್ಕ ಹಾಕಿದೆ, ಹತ್ತನೆಯ ಪಾಲು ಮೀರಿರಲಿಲ್ಲ.