ಮಂಕಿ ಕ್ಯಾಪಿನಲ್ಲಿ ಫ್ಲಾರೆನ್ಸ್

ಜನವರಿಯಲ್ಲಿ ಫ್ಲಾರೆನ್ಸಿನ ಹಳೆಯ ಚರ್ಚುಗಳ ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಶತಮಾನಗಳಿಂದ ಕೂಡಿಟ್ಟುಕೊಂಡ ಥಂಡಿಯನ್ನು ಆ ಕಲ್ಲುಗಳು ಬಂದವರ ಅಂಗಾಲಿಗೆ ಸ್ವಲ್ಪಸ್ವಲ್ಪವೇ ಬಟವಾಡೆ ಮಾಡುತ್ತವೆ. ಸಾಂತಾ ಕ್ರೋಚೆಯಲ್ಲಿ ಮೈಕೆಲಾಂಜೆಲೊ, ಗೆಲಿಲಿಯೊ, ಮೆಕಿಯಾವೆಲ್ಲಿ ಮೂವರೂ ಒಂದೇ ಸೂರಿನಡಿ ಮಲಗಿದ್ದಾರೆ. ಇಂಥವರ ಸಮಾಧಿಯ ಮುಂದೆ ಭಕ್ತಿಯಿಂದ ನಿಲ್ಲಬೇಕು, ಸರಿ. ಆದರೆ ಎರಡೆರಡು ಕಾಲುಚೀಲದೊಳಗೂ ಬೆರಳುಗಳು ಇವೆಯೋ ಇಲ್ಲವೋ ಎಂಬ ಗುಮಾನಿ ಹುಟ್ಟಿದ ಮೇಲೆ ಭಕ್ತಿ ಎಷ್ಟು ಹೊತ್ತು ನಿಂತೀತು? ಡಾಂಟೆಗೂ ಅಲ್ಲೊಂದು ಭರ್ಜರಿ ಸಮಾಧಿ ಕಟ್ಟಿದ್ದಾರೆ. ಒಳಗೆ ಅವನಿಲ್ಲ. ಊರಿನಿಂದ ಹೊರಹಾಕಿಸಿಕೊಂಡ ಕವಿ 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡ. ಆ ಊರಿನವರು ಮೂಳೆಗಳನ್ನು ಇವರಿಗೆ ಕೊಡಲೇ ಇಲ್ಲ. ಒಟ್ಟಿನಲ್ಲಿ ಸಾಂತಾ ಕ್ರೋಚೆಯ ಚಳಿಯಿಂದ ತಪ್ಪಿಸಿಕೊಂಡವನು ಅವನೊಬ್ಬನೇ.

ನನಗೆ ಚಳಿಯಿಂದ ಒಂದು ಉಪಕಾರವಾಯಿತು. ಬೆಚ್ಚಗಿನ ಜಾಗ ಹುಡುಕುತ್ತ ಹೊರಟವಳು ತಾನಾಗಿ ಕಲಾರಸಿಕಳಾದೆ. ಮ್ಯೂಸಿಯಮ್ಮಿನಲ್ಲಿ ಚಿತ್ರಗಳ ಆರೋಗ್ಯಕ್ಕೆಂದು ಹವೆಯನ್ನು ಹದವಾಗಿ ಇಟ್ಟಿರುತ್ತಾರೆ, ಆ ಹದದಲ್ಲಿ ನಮಗೂ ಪಾಲು. ಉಫಿಜಿ ಮ್ಯೂಸಿಯಮ್ಮು ಮೂಲದಲ್ಲಿ ಸರ್ಕಾರಿ ಕಚೇರಿ. ಕೊಸಿಮೊ ದೊರೆಗಾಗಿ ವಸಾರಿ ಎಂಬ ಚಿತ್ರಕಾರ 1560ರಲ್ಲಿ ಕಟ್ಟಿಸತೊಡಗಿದ್ದು. ಅದಕ್ಕೇ ಇರಬೇಕು, ಆ ಉದ್ದಾನುದ್ದ ಪಡಸಾಲೆಗಳಲ್ಲಿ ನಡೆಯುತ್ತಿದ್ದರೆ ಅರ್ಜಿ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಅಲೆದಂತೆ ಆಗುತ್ತದೆ. ಜೊತೆಗೆ ಯಾರಾದರೂ ಇದ್ದಿದ್ದರೆ ‘ಟಿಕೇಟಿನ ದುಡ್ಡು ಹುಟ್ಟಬೇಕಲ್ಲ’ ಎಂದು ಎಲ್ಲ ಟೇಬಲ್ಲನ್ನೂ ಮುಟ್ಟಿಸುತ್ತಿದ್ದರು. ಒಬ್ಬಳೇ ಇದ್ದೆನಾಗಿ ದಾರಿಯ ಮಡೋನಾಗಳಿಗೆಲ್ಲ ದೂರದಿಂದಲೇ ಕೈಮುಗಿದು ಸೀದಾ ಬೊಟ್ಟಿಚೆಲ್ಲಿಯ ಚಿತ್ರಗಳ ಕೋಣೆಗೆ ನಡೆದೆ.

ಅಲ್ಲಿ ವೀನಸ್ ಚಿಪ್ಪಿನ ಮೇಲೆ ನಿಂತಿದ್ದಾಳೆ, ಮೈಮೇಲೆ ಒಂದೆಳೆ ನೂಲಿಲ್ಲ. ನಾನೋ ಸ್ವೆಟರು, ಅದರ ಮೇಲೆ ಕೋಟು, ಕೊರಳಿಗೆ ಮಫ್ಲರು, ಕೈಯಲ್ಲಿ ಆಗಷ್ಟೇ ತೆಗೆದ ಮಂಕಿ ಕ್ಯಾಪು. ಎಡಗಡೆಯಿಂದ ಗಾಳಿದೇವ ಕೆನ್ನೆಯುಬ್ಬಿಸಿ ಒಂದೇ ಸಮನೆ ಊದುತ್ತಾನೆ, ಗುಲಾಬಿ ಹೂಗಳು ಉದುರುತ್ತವೆ. ಬಲಗಡೆ ಒಬ್ಬ ಹೆಣ್ಣುಮಗಳು ಹೂವಿನ ಚಿತ್ತಾರದ ದೊಡ್ಡ ಹೊದಿಕೆ ಅಗಲಿಸಿ ಹಿಡಿದು ಧಾವಿಸಿ ಬರುತ್ತಿದ್ದಾಳೆ. ಪಾಪ, ಐನೂರು ವರ್ಷವಾದರೂ ತಲುಪಿಲ್ಲ. ಪುಸ್ತಕಗಳಲ್ಲಿ ಈ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣು ವೀನಸ್ಸಿನ ಮೇಲೇ ಇರುತ್ತಿತ್ತು; ಇಡೀ ಚಿತ್ರದಲ್ಲಿ ಬುದ್ಧಿ ನೆಟ್ಟಗಿರುವುದು ಆ ಹೊದಿಕೆಯವಳಿಗೆ ಮಾತ್ರ ಎಂದು ತಿಳಿಯಲು ಜನವರಿಯೇ ಬೇಕಾಯಿತು. ಬೇಸಿಗೆಯಲ್ಲಿ ಇಲ್ಲಿ ತಲೆಗಳ ಸಂತೆಯಂತೆ. ನನಗೋ ಅವಳ ಕಾಲ ಹೆಬ್ಬೆರಳನ್ನೂ ನೋಡುವಷ್ಟು ಪುರುಸೊತ್ತು.

ಮೈಕೆಲಾಂಜೆಲೊ ಕೆತ್ತಿದ ಡೇವಿಡ್‌ನ ಪಾಡು ಇನ್ನೊಂದು ತರಹ. 1504ರಿಂದ 1873ರವರೆಗೆ ಚೌಕದಲ್ಲಿ ಮಳೆ ಬಿಸಿಲಿಗೆ ಬರಿಮೈಲಿ ನಿಂತು, ಈಗ ಅಕಾಡೆಮಿಯಾ ಮ್ಯೂಸಿಯಮ್ಮಿನ ಒಳಗೆ ಸುಖವಾಗಿದ್ದಾನೆ. ಚೌಕದಲ್ಲಿ ನೆನೆಯುವ ಕೆಲಸ 1910ರಿಂದ ಅವನ ನಕಲಿನದು.

ಊರಿನ ದೊಡ್ಡ ಚರ್ಚಿನ ಮೇಲೆ ಬ್ರುನೆಲ್ಲೆಸ್ಕಿ ಕಟ್ಟಿದ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟಿಲ್ಲ. 1420ರಿಂದ 1436ರವರೆಗೆ, ನೆಲದಿಂದ ಮರದ ಆಧಾರವನ್ನೇ ಕೊಡದೆ ಎಬ್ಬಿಸಿದ ಗುಮ್ಮಟ. ಅದರ ಒಳಚಿಪ್ಪು, ಹೊರಚಿಪ್ಪುಗಳ ನಡುವಿನ ಸಂದಿಯಲ್ಲಿ ಹತ್ತಬೇಕು. ಅರ್ಧಕ್ಕೆ ಕೋಟು ಕಳಚಿದೆ. ನಡುವೆ ಒಂದು ಮೊಗಸಾಲೆ ಸಿಗುತ್ತದೆ. ಅಲ್ಲಿಗೆ ಕಡೆಯ ತೀರ್ಪಿನ ದಿನದ ಚಿತ್ರ, ಅದರಲ್ಲೂ ಕೆಳಭಾಗದ ನರಕ, ತೀರಾ ಹತ್ತಿರ. ದೆವ್ವಗಳು ಪಾಪಿಗಳನ್ನು ಬೆಂಕಿಗೆ ದೂಡುತ್ತಿವೆ. ಬೆಳಗಿನಿಂದ ಚರ್ಚು ಸುತ್ತಿದವಳಿಗೆ ಆ ಬೆಂಕಿ ಅಷ್ಟೇನೂ ಕೆಟ್ಟದ್ದೆನಿಸಲಿಲ್ಲ.

ಆದರೆ ಇಡೀ ಊರಿನಲ್ಲಿ ಒಂಟಿಯಾಗಿ ಬಂದವರಿಗೆಂದೇ ಮಾಡಿಟ್ಟ ಜಾಗ ಬೇರೆ ಇದೆ. ಸಾನ್ ಮಾರ್ಕೊ ಮಠದ ಮಹಡಿಯಲ್ಲಿ ಸಾಲಾಗಿ ಪುಟ್ಟ ಕೋಣೆಗಳು. ಒಂದೊಂದಕ್ಕೆ ಒಂದು ಕಿಟಕಿ, ಗೋಡೆಯ ಮೇಲೆ ಒಂದೇ ಒಂದು ಚಿತ್ರ. 1440ರ ಆಸುಪಾಸಿನಲ್ಲಿ ಫ್ರಾ ಆಂಜೆಲಿಕೊ ಮತ್ತು ಅವನ ಸಹಾಯಕರು ಬರೆದದ್ದು. ಆ ಕೋಣೆಯಲ್ಲಿ ಬಾಳುವ ಒಬ್ಬ ಸನ್ಯಾಸಿ ನೋಡಲೆಂದು ಬರೆದದ್ದು, ಅಷ್ಟೇ. ಬಣ್ಣ ಕಡಿಮೆ, ಆಡಂಬರವಿಲ್ಲ. ಒಬ್ಬರೇ ಒಳಹೊಕ್ಕು ಸುಮ್ಮನೆ ನಿಂತರೆ ಚಿತ್ರ ಮೆಲ್ಲಗೆ ಹತ್ತಿರವಾಗುತ್ತದೆ. ಇಬ್ಬರು ನಿಂತರೆ ಒಬ್ಬರು ಮಾತಾಡಿಬಿಡುತ್ತಾರೆ. ಮಠದ ಜೀರ್ಣೋದ್ಧಾರಕ್ಕೆ ದುಡ್ಡು ಸುರಿದ ಹಿರಿಯ ಕೊಸಿಮೊ ದೆ ಮೆದಿಚಿ ಮಾತ್ರ ತನಗೆಂದು ಎರಡು ಕೋಣೆ ಇಟ್ಟುಕೊಂಡಿದ್ದ. ವೈರಾಗ್ಯದಲ್ಲೂ ದಾನಿಗಳಿಗೆ ಪ್ರತ್ಯೇಕ ವ್ಯವಸ್ಥೆ ಇರುತ್ತದೆ.

ಸಂಜೆ ಐದಕ್ಕೆಲ್ಲ ಕತ್ತಲು, ಬೀದಿ ಬದಿಯಲ್ಲಿ ಸುಟ್ಟ ಚೆಸ್ಟ್‌ನಟ್ಟಿನ ವಾಸನೆ. ಹೋಟೆಲಿನಲ್ಲಿ ಒಂಟಿ ಗಿರಾಕಿಗೆ ಸಿಗುವ ಟೇಬಲ್ಲು ಎಲ್ಲ ದೇಶದಲ್ಲೂ ಅಡುಗೆಮನೆ ಬಾಗಿಲ ಪಕ್ಕದ್ದೇ. ಬೇಸಿಗೆಯಲ್ಲಿ ಅದು ಅವಮಾನ, ಚಳಿಗಾಲದಲ್ಲಿ ವರ. ಮಾಂಸ ಇಲ್ಲವೆಂದು ಕೇಳಿ ಖಾತ್ರಿ ಮಾಡಿಕೊಂಡು ರಿಬೊಲಿತಾ ತರಿಸಿದೆ: ಬಿಳಿ ಅವರೆಯಂಥ ಕಾಳು, ಕಪ್ಪು ಹಸಿರಿನ ಸೊಪ್ಪು, ಹಳೆಯ ಬ್ರೆಡ್ಡು ಹಾಕಿ ಕುದಿಸಿದ್ದನ್ನೇ ಮತ್ತೆ ಕುದಿಸಿದ ಗಟ್ಟಿ ಸಾರು. ಆ ಸೀಮೆಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಪರ್ಸಿನಲ್ಲಿದ್ದ ಶೇಂಗಾ ಚಟ್ನಿ ಪುಡಿ ಆ ಕೊರತೆ ನೀಗಿಸಿತು. ವೇಟರ್ ಹುಡುಗ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣೊರೆಸಿಕೊಂಡು ಒಳಗೆ ಹೋದ.

ಕಡೆಯ ದಿನ ಕಾಶೀನೆ ಉದ್ಯಾನದ ತುದಿಯವರೆಗೆ ನಡೆದೆ, ಮುಗ್ನೋನೆ ಹೊಳೆ ಆರ್ನೊ ನದಿಯನ್ನು ಕೂಡುವ ಜಾಗದವರೆಗೆ. ಅಲ್ಲಿ ನಮ್ಮ ಕಡೆಯ ಛತ್ರಿಯಂಥ ಮಂಟಪ, ಅದರೊಳಗೆ ಪಗಡಿ ತೊಟ್ಟ ಎಳೆಯ ಮುಖ. ಕೊಲ್ಲಾಪುರದ ಮಹಾರಾಜ ರಾಜಾರಾಮ. ಇಂಗ್ಲೆಂಡ್ ನೋಡಿಕೊಂಡು ಊರಿಗೆ ಮರಳುವಾಗ 1870ರ ನವೆಂಬರ್ 30ರಂದು ಇದೇ ಊರಿನಲ್ಲಿ ತೀರಿಕೊಂಡ, ಇಪ್ಪತ್ತರ ಹುಡುಗ. ಜೊತೆಗಿದ್ದವರು ಸಂಗಮ ಹುಡುಕಿ, ಅನುಮತಿ ಪಡೆದು ಇಲ್ಲೇ ದಹನ ಮಾಡಿದರು. ಪಕ್ಕದ ಸೇತುವೆಗೂ ‘ಭಾರತೀಯ’ನದೇ ಹೆಸರು. ಬೆಳಗಾವಿಯವಳಾದ ನನಗೆ ಅಲ್ಲಿ ನಿಂತಾಗ ಪಕ್ಕದ ಊರಿನ ಹುಡುಗನೊಬ್ಬ ಸಿಕ್ಕಂತಾಗಿ ಮಂಕಿ ಕ್ಯಾಪು ತೆಗೆದೆ, ಗಾಳಿ ಇದ್ದರೂ.

ರಾತ್ರಿ ಫೋನಿನಲ್ಲಿ ಅಕ್ಕನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ಎರಡ್ ತಾಸಿನ ಹಾದಿ. ಅಂಬಾಬಾಯಿ ದರ್ಶನಕ್ಕ ಬಾ ಅಂತ ಕರದ್ರ ಮೊಣಕಾಲ್ ನೋವು ಅಂತೀದಿ. ಕೊಲ್ಲಾಪುರದ ರಾಜಾನ್ನ ನೋಡಾಕ ಇಟಲೀಗೆ ಹೋಗೀದಿ, ಎಂಥಾಕಿ ನೀ!” ಎಂದಳು. ಗುಮ್ಮಟದ ಮೆಟ್ಟಿಲಿನ ಸುದ್ದಿ ನಾನು ಎತ್ತಲಿಲ್ಲ.