ಸಾರ್, ಒಂದಕ್ಕೆ!

ನಮ್ಮ ಹಾಸನದ ಕಡೆ ಹಳ್ಳಿಗಳಲ್ಲಿ ನಾಯಿಗೆ ಯಾರೂ ಶೌಚದ ಪಾಠ ಹೇಳಿಕೊಟ್ಟದ್ದಿಲ್ಲ. ಜಗಲಿ ಹತ್ತಿದರೆ ಪೊರಕೆ ಏಟು, ಇಳಿದರೆ ಇಡೀ ಊರೇ ಅದರದು. ತಿಪ್ಪೆ, ಕಣ, ಬೇಲಿಸಾಲು, ಪಂಚಾಯ್ತಿ ಆಫೀಸಿನ ಹಿಂಭಾಗ, ಎಲ್ಲಿ ಬೇಕೋ ಅಲ್ಲಿ ಮುಗಿಸಿಕೊಂಡು ಬಂದು ಬಾಗಿಲಲ್ಲಿ ಮುದುರಿಕೊಳ್ಳುತ್ತಿತ್ತು. ಅಂಥ ಕಡೆಯಿಂದ ಬಂದವರು ಷಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ, ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮನೆಗೆ, ಅದೂ ಜನವರಿಯಲ್ಲಿ, ಎರಡು ತಿಂಗಳ ನಾಯಿಮರಿ ತಂದುಕೊಂಡರೆ ಏನೇನು ಆಗಬೇಕೋ ಅಷ್ಟೂ ನಮ್ಮ ಮನೆಯಲ್ಲಿ ಆಯಿತು.

ಮರಿ ಬೇಕೆಂದು ಹಟ ಹಿಡಿದವಳು ಏಳನೇ ಕ್ಲಾಸಿನ ಮಗಳು. ಅಮೆರಿಕನ್ ಕೆನೆಲ್ ಕ್ಲಬ್‌ನ ಪಟ್ಟಿಯಲ್ಲಿ 1991ರಿಂದ ಸತತ 31 ವರ್ಷ ಲ್ಯಾಬ್ರಡಾರೇ ಮೊದಲು, 2022ರಲ್ಲಷ್ಟೇ ಫ್ರೆಂಚ್ ಬುಲ್‌ಡಾಗ್ ಅದನ್ನು ಹಿಂದಿಕ್ಕಿದ್ದು ಎಂದು ಸ್ಲೈಡ್ ಮಾಡಿ ತೋರಿಸಿದಳು. "31 ವರ್ಷ ಫಸ್ಟ್ ರ‍್ಯಾಂಕಾ! ತಂದ್ಬಿಡಿ ರೀ" ಎಂದಳು ಹೆಂಡತಿ. ಬಂದ ಮರಿ ಚಾಕಲೇಟು ಬಣ್ಣದ್ದು. ಸುತ್ತಿಕೊಂಡು ಮಲಗಿದರೆ ಆಗತಾನೆ ಕಟ್ಟಿ ತಟ್ಟೆಗಿಟ್ಟ ರಾಗಿಮುದ್ದೆ. ಹೆಸರೂ ಮುದ್ದೆ ಅಂತಲೇ ಆಯಿತು.

ಅದೇ ಹೊತ್ತಿಗೆ ಚನ್ನರಾಯಪಟ್ಟಣದಿಂದ ಅಪ್ಪ, ಅಮ್ಮ ಆರು ತಿಂಗಳಿಗೆಂದು ಬಂದಿಳಿದಿದ್ದರು. ಅಪ್ಪ ಹೈಸ್ಕೂಲು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಕಿರುಬೆರಳೆತ್ತಿ "ಸಾರ್, ಒಂದಕ್ಕೆ" ಎಂದ ಹುಡುಗರಿಗೆಲ್ಲ ಅವರು ಕೊಡುತ್ತಿದ್ದ ಉತ್ತರ ಒಂದೇ: "ಬೆಲ್ ಹೊಡೆಯೋ ತನಕ ತಡ್ಕೊ." ಹೊಗಳಿಕೆಯಲ್ಲೂ ಅವರದು ಬಿಗಿ ಕೈ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ ತೊಂಬತ್ತಾರು ಬಂದಾಗ "ಉಳಿದ ನಾಲ್ಕು ಎಲ್ಲಿ ಹೋಯ್ತು?" ಎಂದು ಕೇಳಿ ಪೇಪರ್ ಬಿಡಿಸಿಕೊಂಡಿದ್ದರು. ಎದುರಿಗೆ ಹೊಗಳಿದರೆ ಮಕ್ಕಳು ಕೆಡುತ್ತವೆ ಎಂಬುದು ಅಪ್ಪನ ನಂಬಿಕೆ, ದೃಷ್ಟಿಯಾಗುತ್ತದೆ ಎಂಬುದು ಅಮ್ಮನದು. ವಾದ ಬೇರೆ ಬೇರೆ, ತೀರ್ಪು ಒಂದೇ.

ಬಂದ ಮೊದಲ ಬೆಳಿಗ್ಗೆಯೇ ಮುದ್ದೆ ಕಾರ್ಪೆಟ್ ಒದ್ದೆ ಮಾಡಿದ. ಸುರುಳಿ ಸುತ್ತಿ ಬಾರಿಸೋಣವೆಂದು ಅಪ್ಪ ಪೇಪರ್ ಹುಡುಕಿದರು. ಪೇಪರ್ ತರಿಸುವ ಮನೆಯೇ ಅಲ್ಲ ಇದು. ಕೊನೆಗೆ ಟಪಾಲಿನಲ್ಲಿ ಬಂದಿದ್ದ ಯಾವುದೋ ಅಂಗಡಿಯ ರಿಯಾಯಿತಿ ಹಾಳೆಯನ್ನೇ ಸುತ್ತಿಕೊಂಡು, "ಮೂತಿನ ಅದರಲ್ಲೇ ತಿಕ್ಕಬೇಕು, ಆಗ ಬುದ್ಧಿ ಬರೋದು" ಎನ್ನುತ್ತಾ ಹೊರಟರು. ಮಗಳು ಅಡ್ಡ ನಿಂತಳು.

"ತಾತ, ಹೊಡೆದ್ರೆ ಅವನು ಒಳಗೆ ಮಾಡೋದನ್ನ ಬಿಡಲ್ಲ. ನಿಮ್ಮೆದುರಿಗೆ ಮಾಡೋದನ್ನ ಬಿಡ್ತಾನೆ, ಅಷ್ಟೇ. ನಾಳೆಯಿಂದ ಸೋಫಾ ಹಿಂದೆ ಮಾಡ್ತಾನೆ."

ಅಪ್ಪನ ಕೈ ಇಳಿಯಿತು. ಅವರ ಸರ್ವೀಸಿನುದ್ದಕ್ಕೂ ಎದುರಿಗೆ ಬೀಡಿ ಸೇದಿದ ಹುಡುಗ ಒಬ್ಬನೂ ಇಲ್ಲ. ಶಾಲೆಯ ಕಾಂಪೌಂಡಿನ ಹಿಂದೆ ಬೀಡಿ ತುಂಡಿಗೆ ಬರವೂ ಇರಲಿಲ್ಲ. "ಹಾಗಾದ್ರೆ ಏನ್ ಮಾಡ್ಬೇಕು, ಹೇಳು" ಎಂದು ಮೊಮ್ಮಗಳ ಮುಂದೆ ಕೂತರು.

ಅವಳು ಪಾಠ ಶುರು ಮಾಡಿದಳು. ಮರಿ ತಡೆದುಕೊಳ್ಳುವುದು ಅಂದಾಜು ತಿಂಗಳಿಗೊಂದು ಗಂಟೆ, ಅಂದರೆ ಈಗ ಎರಡು ಗಂಟೆ ದಾಟುವ ಹಾಗಿಲ್ಲ. ನಿದ್ದೆಯಿಂದೆದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಹೊರಗೆ ಕರೆದೊಯ್ಯಬೇಕು. ದಿನಾ ಅದೇ ಬಾಗಿಲು, ಅದೇ ಮೂಲೆ. ನಾಲ್ಕು ತಿಂಗಳು ತುಂಬಿ ಲಸಿಕೆಗಳೆಲ್ಲ ಮುಗಿಯುವವರೆಗೆ ಪಾರ್ವೋ ವೈರಸ್ಸಿನ ಭಯವಿದೆ, ಹಾಗಾಗಿ ನಮ್ಮ ಹಿತ್ತಲೇ ಗತಿ. ಕ್ರೇಟು, ಅಂದರೆ ಮರಿಯ ಗೂಡು, ಎದ್ದು ನಿಂತು ಮಗ್ಗುಲು ತಿರುಗುವಷ್ಟಿದ್ದರೆ ಸಾಕು, ಮಲಗುವ ಜಾಗ ಹೊಲಸು ಮಾಡಿಕೊಳ್ಳಲು ನಾಯಿಗೂ ಮನಸ್ಸಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಹೊರಗೆ ಕೆಲಸ ಮುಗಿಸಿದ ಎರಡು ಮೂರು ಸೆಕೆಂಡಿನೊಳಗೆ ಹೊಗಳಿ ಬಿಸ್ಕತ್ತು ಕೊಡಬೇಕು. ತಡವಾದರೆ ಹೊಗಳಿದ್ದು ಯಾವುದಕ್ಕೆ ಅಂತಲೇ ಅದಕ್ಕೆ ತಿಳಿಯುವುದಿಲ್ಲ.

"ತಡಿ ತಡಿ, ಇದು ಸ್ಕಿನ್ನರ್ ಅಲ್ವಾ?" ಅಪ್ಪ ಕನ್ನಡಕ ಮೇಲೇರಿಸಿದರು. ಬಿ.ಎಡ್.ನಲ್ಲಿ ಓದಿದ ಮನಶ್ಶಾಸ್ತ್ರದ ನೆನಪು ಒತ್ತರಿಸಿ ಬಂತು. ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯೊಳಗೆ ಹಾಕಿ, ಹೊರಗೆ ತಿನಿಸಿಟ್ಟು ಅಗುಳಿ ತೆಗೆಯಲು ಕಲಿಸಿದ್ದು. ಸ್ಕಿನ್ನರ್ 1938ರ ಪುಸ್ತಕದಲ್ಲಿ ಸನ್ನೆಕೋಲು ಒತ್ತಿದ ಇಲಿಗೆ ಆಹಾರ ಕೊಟ್ಟ ಕತೆ ಬರೆದದ್ದು. "ಪುನರ್ಬಲನ! ಹತ್ತು ಮಾರ್ಕಿನ ಪ್ರಶ್ನೆ ಇದು!" ಆ ಸಿದ್ಧಾಂತವನ್ನು ಅವರು ಪರೀಕ್ಷೆಯಲ್ಲಿ ಬರೆದು, ಉತ್ತರಪತ್ರಿಕೆಯ ಜೊತೆಗೇ ಒಪ್ಪಿಸಿ ಬಂದಿದ್ದರು. ಅದು ತಿರುಗಿ ಕೈಗೆ ಸಿಕ್ಕಿದ್ದು ನೇಪರ್‌ವಿಲ್‌ನಲ್ಲಿ.

ಆವತ್ತಿನಿಂದ ಮುದ್ದೆಯ ಚಾರ್ಜು ಅಪ್ಪನದು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹಾಜರಿ ಪುಸ್ತಕ ಮಾಡಿದರು: ವೇಳೆ, ಒಂದೋ ಎರಡೋ, ಷರಾ. ಷರಾದಲ್ಲಿ "ತೃಪ್ತಿಕರ", "ಸುಧಾರಿಸಬೇಕು", ಕೆಂಪು ಮಸಿಯಲ್ಲಿ "ಡೈನಿಂಗ್ ಟೇಬಲ್ ಕೆಳಗೆ ಲೋಪ".

ನಡುರಾತ್ರಿ ಕ್ರೇಟಿನಿಂದ ಕುಂಯ್ ಎಂದರೆ ಸಾಕು, ಅಪ್ಪ ಎದ್ದರು. ತಲೆಗೆ ಮಂಕಿ ಕ್ಯಾಪು, ಪಂಚೆಯೊಳಗೆ ಥರ್ಮಲ್ ಪ್ಯಾಂಟು, ಮೇಲೆ ನನ್ನ ಜಾಕೆಟ್ಟು. ಥಂಡಿ ಅಪ್ಪಾ ಎಂದರೆ, "1985ರ ಜನವರೀಲಿ ಇದೇ ಷಿಕಾಗೋದಲ್ಲಿ ಮೈನಸ್ 33 ಇತ್ತಂತೆ, ಇವತ್ತು ಬರೀ ಹದಿನೈದು, ಹೋಗಿ ಮಲ್ಕೊ" ಎನ್ನುವರು. ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಮುದ್ದೆ ಹಿಮ ಮೂಸಿದ, ಒಣಗಿದ ಎಲೆಯೊಂದನ್ನು ಅಟ್ಟಿಸಿದ, ಬೇಲಿಯನ್ನು ಪರೀಕ್ಷಿಸಿದ. ಮಾತಾಡಿಸಿದರೆ ಆಟವೆಂದುಕೊಳ್ಳುತ್ತಾನೆಂದು ಅಪ್ಪ ತುಟಿ ಬಿಚ್ಚಲಿಲ್ಲ. ಕಡೆಗೆ ಹಿಂಗಾಲು ಬಗ್ಗಿತು. ಅಪ್ಪ ಜೇಬಿಗೆ ಕೈ ಹಾಕಿ ಬಿಸ್ಕತ್ತು ಹಿಡಿದು ಸಿದ್ಧರಾದರು. ಮುಗಿದದ್ದೇ ತಡ, "ಶಭಾಷ್! ಶಭಾಷ್ ಮಗನೇ! ಏನ್ ಜಾಣನೋ ನೀನು!" ಪಕ್ಕದ ಮನೆಯಲ್ಲಿ ದೀಪ ಹತ್ತಿತು. ಗಣಿತದ ತೊಂಬತ್ತಾರಕ್ಕೆ ಸಿಗದ್ದು ಅರ್ಧ ಲೋಟ ಉಚ್ಚೆಗೆ ಸಿಕ್ಕಿತು.

ಅಮ್ಮನನ್ನು ಒಪ್ಪಿಸುವುದು ಕಷ್ಟವಾಯಿತು. ನಾಯಿ ಹಿಂದೆ ನಾನು ಪ್ಲಾಸ್ಟಿಕ್ ಚೀಲ ಹಿಡಿದು ಬಗ್ಗಿದ್ದು ಕಂಡು, "ಇಂಜಿನಿಯರಿಂಗ್ ಓದ್ಸಿದ್ದು ಇದಕ್ಕಾ ಮಗಾ?" ಎಂದು ಕಣ್ಣೊರೆಸಿಕೊಂಡರು. ನ್ಯೂಯಾರ್ಕಿನಲ್ಲಿ 1978ರಿಂದಲೇ ಇದು ಕಾನೂನು ಎಂದೆ. "ಕಾನೂನು ಮಾಡೋರು ನಾಯಿಗೆ ಮಾಡ್ಬೇಕಿತ್ತು" ಎಂದರು. ಒದ್ದೆಯಾದಲ್ಲೆಲ್ಲ ಫಿನಾಯಿಲ್ ಸುರಿದರು, ಮುದ್ದೆ ಮತ್ತೆ ಅಲ್ಲಿಗೇ ಬಂದ. ವಾಸನೆ ಹಿಡಿಯುವ ಕೋಶ ನಮ್ಮ ಮೂಗಿನಲ್ಲಿ 50–60 ಲಕ್ಷವಾದರೆ ನಾಯಿಗೆ 20 ಕೋಟಿಗೂ ಮೇಲು. ಫಿನಾಯಿಲ್ ಘಾಟು ಮರೆಮಾಚುವುದು ನಮ್ಮ ಮೂಗಿಗೆ ಮಾತ್ರ. ಉಚ್ಚೆಯ ಅಂಶವನ್ನೇ ಒಡೆದುಹಾಕುವ ಎನ್‌ಜೈಮ್ ದ್ರಾವಣ ತಂದ ಮೇಲೆ ಆ ಜಾಗ ಅವನಿಗೆ ಮರೆಯಿತು. ಅಮ್ಮನ ಇನ್ನೊಂದು ಹಟ ಮುದ್ದೆಗೆ ಸೊಪ್ಪಿನ ಸಾರು ಬಡಿಸುವುದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣ ಕೆಡಿಸುತ್ತವೆ, ಕೇಸರಿಬಾತಿನ ದ್ರಾಕ್ಷಿ ಮೂತ್ರಪಿಂಡಕ್ಕೇ ಕುತ್ತು ಎಂದು ಮಗಳು ತಡೆದಳು. "ಈರುಳ್ಳಿ, ಬೆಳ್ಳುಳ್ಳಿ ಮುಟ್ಟಲ್ವಾ? ನಮ್ಮ ವಂಶದಲ್ಲೇ ಇಲ್ಲದ ಮಡಿ ಈ ನಾಯಿಗೆ ಬಂತಲ್ಲ!" ಎಂದು ಅಮ್ಮ ಸಪ್ಪೆ ಅನ್ನ ಕಲೆಸತೊಡಗಿದರು.

ಕನ್ನಡ ಕೂಟದ ಗೆಳೆಯರು ಮನೆಗೆ ಬಂದ ದಿನ ಮಾತ್ರ ಮುದ್ದೆ ಸಂಭ್ರಮ ತಾಳಲಾರದೆ ಬಾಗಿಲಲ್ಲೇ ಹನಿಸಿಬಿಟ್ಟ. ಇಂಥದಕ್ಕೆ ಗದರಿದರೆ ಇನ್ನೂ ಹೆಚ್ಚುತ್ತದೆ. ಅಪ್ಪ ಶಾಂತವಾಗಿ ಒರೆಸಿ, "ಏನೂ ಪರವಾಗಿಲ್ಲ. ಇನ್‌ಸ್ಪೆಕ್ಷನ್ ದಿನ ನಮ್ಮ ಮೇಷ್ಟ್ರುಗಳಿಗೂ ಹೀಗೇ ಆಗ್ತಿತ್ತು" ಎಂದರು.

ಪುನರ್ಬಲನ ನಾಯಿಯಲ್ಲೇ ನಿಲ್ಲಲಿಲ್ಲ. ಮೊದಲ ತುತ್ತು ಬಾಯಿಗಿಟ್ಟ ಮೂರು ಸೆಕೆಂಡಿನೊಳಗೆ "ಸಾರು ಚೆನ್ನಾಗಿದೆ ಕಣಮ್ಮ" ಎಂದು ಅಪ್ಪ ಸೊಸೆಗೆ ಹೇಳಿದರು. ಕಾಫಿಗೆ ಅಮ್ಮನಿಗೊಂದು ಶಭಾಷ್ ಬಿತ್ತು. "ಯಾಕ್ರೀ, ಬಿ.ಪಿ. ಮಾತ್ರೆ ತಗೊಂಡ್ರಾ ಇಲ್ವಾ?" ಎಂದು ಅಮ್ಮ ಗಾಬರಿಯಾದರು.

ಬೇಸಿಗೆ ಹೊತ್ತಿಗೆ ಮುದ್ದೆ ಹಿತ್ತಲ ಬಾಗಿಲ ಬಳಿ ಹೋಗಿ ಕೂತು ನಮ್ಮ ಕಡೆ ನೋಡುವಷ್ಟಾದ. ಷರಾದಲ್ಲಿ "ಉತ್ತೀರ್ಣ" ಎಂದು ಬರೆದು, ಸಹಿ ಹಾಕಿ, ಅಪ್ಪ ಅಮ್ಮ ಊರಿಗೆ ಹೋದರು. ಆಮೇಲೊಮ್ಮೆ ನನಗೆ ಪ್ರಮೋಷನ್ ಸಿಕ್ಕಿತು. ವಾರ ಕಳೆದು ಭಾನುವಾರದ ವಿಡಿಯೋ ಕಾಲ್‌ನಲ್ಲಿ ಹೇಳಿದೆ. "ಹೂಂ. ನಿನಗಿಂತ ಮೇಲೆ ಇನ್ನೂ ಎಷ್ಟು ಜನ ಇದ್ದಾರೆ?" ಎಂದು ಕೇಳಿದ ಅಪ್ಪ, "ಅದಿರಲಿ, ಫೋನು ಮುದ್ದೆಗೆ ತೋರ್ಸು" ಎಂದರು. ನನ್ನ ಮುಖ ನೋಡಿ ಮಗಳಿಗೆ ಪಾಪ ಅನ್ನಿಸಿರಬೇಕು.

"ತಾತನ ತಪ್ಪಲ್ಲಪ್ಪಾ. ಪ್ರಮೋಷನ್ ಆಗಿ ವಾರ ಆಯ್ತಲ್ಲ. ಈಗ ಹೊಗಳಿದ್ರೆ ಯಾವುದಕ್ಕೆ ಹೊಗಳಿದ್ದು ಅಂತ ನಿಂಗೇ ಗೊತ್ತಾಗಲ್ಲ."