ನಲವತ್ತು ತಿರುವು, ಮೂವತ್ತು ಗ್ರಾಂ: ಭಾನುವಾರದ ಸೈಕಲ್ ಬಳಗಕ್ಕೊಂದು ಬಹಿರಂಗ ಪತ್ರ

ಬೆಂಗಳೂರಿನ ಭಾನುವಾರದ ಸೈಕಲ್ ಬಳಗದ ಸಮಸ್ತ ಸದಸ್ಯರಿಗೆ,

ಇತ್ತ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ಅಗತ್ಯವೇ ಇಲ್ಲ. ನಿಮ್ಮ ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯಿತು, ರಾತ್ರಿ ಎಷ್ಟು ಹೊತ್ತು ಗಾಢ ನಿದ್ದೆ ಬಂತು, ನೋಯುತ್ತಿರುವುದು ಎಡಮಂಡಿಯೋ ಬಲಮಂಡಿಯೋ ಎಂಬುದೆಲ್ಲ ದೇವನಹಳ್ಳಿ ಕಡೆಯ ಹೋಟೆಲುಗಳಲ್ಲಿ ಭಾನುವಾರ ಬೆಳಗ್ಗೆ ಇಡ್ಲಿ ತಿನ್ನುವ ಪ್ರತಿಯೊಬ್ಬರಿಗೂ ಗೊತ್ತು. ನೀವು ಅಷ್ಟು ಜೋರಾಗಿ ಮಾತಾಡುತ್ತೀರಿ.

ನಾನು ಪಕ್ಕದ ಟೇಬಲ್ಲಿನವನು. ನಿಮ್ಮ ಸೈಕಲ್ಲುಗಳು ಹೋಟೆಲಿನ ಗೋಡೆಗೆ ಒರಗಿರುತ್ತವೆ, ಯಾಕೆಂದರೆ ಸ್ಟ್ಯಾಂಡ್ ಹಾಕಿಸಿದರೆ ತೂಕ ಜಾಸ್ತಿಯಾಗುತ್ತದೆ. ಅವುಗಳ ಪಕ್ಕದಲ್ಲಿ ಯಾರ ಹಂಗೂ ಇಲ್ಲದೆ ನಿಂತಿರುವ ಇಪ್ಪತ್ತೆರಡು ಇಂಚಿನ ಕಪ್ಪು ಅಟ್ಲಾಸ್ ನನ್ನದು. ಕ್ಯಾರಿಯರ್, ಮಡ್‌ಗಾರ್ಡ್, ಬೆಲ್ಲು ಎಲ್ಲ ಇದೆ. ಗೇರು ಒಂದೇ. ಒಟ್ಟು ತೂಕ ಇಪ್ಪತ್ತು ಕೆ.ಜಿ. ಆಸುಪಾಸು. ನಿಮ್ಮಲ್ಲೊಬ್ಬರು ಒಮ್ಮೆ ಅದರ ಜೊತೆ ಸೆಲ್ಫಿ ತೆಗೆದುಕೊಂಡು 'ವಿಂಟೇಜ್' ಎಂದಿದ್ದರು. ಬೆಲ್ಲು ಬಾರಿಸಿದ್ದರು ಕೂಡ. ಸಂತೋಷ.

ನಿಮ್ಮ ಮಾತನ್ನು ನಾನು ಕದ್ದು ಕೇಳಿದ್ದಲ್ಲ, ಕೇಳದೆ ಇಡ್ಲಿ ತಿನ್ನುವ ಉಪಾಯ ಆ ಹೋಟೆಲಿನಲ್ಲಿಲ್ಲ. ಮೊನ್ನೆ ಕಿವಿಗೆ ಬಿದ್ದದ್ದು ಇಷ್ಟು:

"ಬಾಟಲ್ ಕೇಜ್ ಕಾರ್ಬನ್ನಿಗೆ ಬದಲಾಯಿಸ್ದೆ ಗುರೂ. ಮೂವತ್ತು ಗ್ರಾಂ ಉಳೀತು."

"ಎಷ್ಟಾಯ್ತು?"

"ನಾಲ್ಕು ಸಾವಿರ."

"ಪರವಾಗಿಲ್ಲ ಬಿಡು, ಬರೀ ನಾಲ್ಕಾ! ಅಣ್ಣಾ, ಇಲ್ಲಿ ಇನ್ನೆರಡು ಖಾರಾಬಾತ್, ತುಪ್ಪ ಜಾಸ್ತಿ ಹಾಕಿ."

ಉಳಿದ ಮೂವತ್ತು ಗ್ರಾಂ ಆ ತುಪ್ಪದಲ್ಲೇ ವಾಪಸಾಯಿತು. ಜಾಗತಿಕ ಸೈಕಲ್ ಸಂಸ್ಥೆ ಯುಸಿಐ ರೇಸಿನ ಸೈಕಲ್ 6.8 ಕೆ.ಜಿ.ಗಿಂತ ಹಗುರವಾಗಿರಕೂಡದೆಂದು 2000ದಿಂದ ನಿಯಮ ಮಾಡಿಟ್ಟಿದೆ. ತುಳಿಯುವವನ ಹೊಟ್ಟೆ ಇಷ್ಟಕ್ಕಿಂತ ಭಾರವಿರಕೂಡದೆಂದು ಅದು ಎಲ್ಲೂ ಹೇಳಿಲ್ಲ. ಹಾಗಾಗಿ ನೀವು ಕಾನೂನು ಮೀರಿದ್ದೀರೆಂದು ನಾನಂತೂ ದೂರಲಾರೆ.

ನಿಮ್ಮ ಬಳಗಕ್ಕೆ ಹೊಸಬರು ಬಂದಾಗ ನಡೆಯುವ ಶಾಸ್ತ್ರವನ್ನೂ ಕಂಡಿದ್ದೇನೆ. ಹೆಸರು, ಊರು ಆಮೇಲೆ. ಮೊದಲು ಕಣ್ಣು ಹೋಗುವುದು ಹಿಂದಿನ ಚಕ್ರದ ಗೇರಿಗೆ. ಗೋತ್ರ ಅಲ್ಲೇ ಬರೆದಿರುತ್ತದೆ. ಜಪಾನಿನ ಗೇರು ಕಂಪನಿ ಶಿಮಾನೊದ ವಂಶದಲ್ಲಿ ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ಡ್ಯೂರಾ-ಏಸ್ ಎಂದು ಮೆಟ್ಟಿಲುಗಳುಂಟು. ಕ್ಲಾರಿಸ್‌ನವನು ಬಂದರೆ "ಒಳ್ಳೇದು, ಶುರು ಮಾಡೋಕೆ ಸಾಕು" ಎಂಬ ಆಶೀರ್ವಾದ. 105ಕ್ಕೆ ಪಂಕ್ತಿಯಲ್ಲಿ ಜಾಗ. ಡ್ಯೂರಾ-ಏಸ್ ಬಂದರೆ ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ, ಆಮೇಲೆ ಎಲ್ಲರೂ ಅದರ ಚೈನನ್ನು ಮುಟ್ಟಿ ನೋಡುತ್ತಾರೆ. ಜಾತಿ ಬಿಟ್ಟು ಬಂದೆವೆಂದು ಎದೆ ತಟ್ಟಿಕೊಳ್ಳುವ ಊರಿನಲ್ಲಿ ಆರು ಮೆಟ್ಟಿಲಿನ ಹೊಸದೊಂದನ್ನು ಜಪಾನಿನಿಂದ ತರಿಸಿಕೊಂಡ ಕೀರ್ತಿ ನಿಮ್ಮದು.

ಇನ್ನು ಸ್ಟ್ರಾವಾ. 2009ರಲ್ಲಿ ಸವಾರಿ ದಾಖಲಿಸುವ ಈ ಆ್ಯಪ್ ಹುಟ್ಟುವ ಮುಂಚೆ ಮನುಷ್ಯರು ಸೈಕಲ್ ತುಳಿದದ್ದಕ್ಕೆ ಸಾಕ್ಷಿ ಏನಿತ್ತು ಎಂಬುದು ನಿಮ್ಮ ಟೇಬಲ್ಲಿನಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಫೋನ್ ಚಾರ್ಜ್ ಮುಗಿದು ಮೂವತ್ತು ಕಿಲೋಮೀಟರ್ ದಾಖಲಾಗದೆ ಹೋದವರ ಮುಖ ನೋಡಿದ್ದೇನೆ, ಪಾಪ, ಸೂತಕದ ಕಳೆ. ತೊಂಬತ್ತೊಂಬತ್ತು ಪಾಯಿಂಟ್ ಎರಡಕ್ಕೆ ಮನೆ ಮುಟ್ಟಿದವರು ನೂರು ತುಂಬಿಸಲು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಸುತ್ತು ಹಾಕುತ್ತಾರಂತೆ. ಸೆಕ್ಯುರಿಟಿಯವರು ಏನೋ ಕಳೆದುಹೋಗಿದೆ ಅಂದುಕೊಂಡು ಟಾರ್ಚು ಹಿಡಿದು ಹಿಂದೆಯೇ ಹುಡುಕುತ್ತಾರಂತೆ. ನೀವೇ ಹೇಳಿಕೊಂಡು ನಕ್ಕ ಮಾತಿದು, ನಾನು ಸೇರಿಸಿದ್ದೇನಿಲ್ಲ.

ನಂದಿಬೆಟ್ಟದ ವಿಷಯಕ್ಕೆ ಬರೋಣ. ಎತ್ತರ 1478 ಮೀಟರ್, ನಲವತ್ತು ತಿರುವು. ಯಾವ ತಿರುವಿನಲ್ಲಿ ಗೇರು ಇಳಿಸಬೇಕು, ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ, ಎಲ್ಲಿ ಕೋತಿ ಬಂದು ಬಾಳೆಹಣ್ಣು ಕಿತ್ತುಕೊಳ್ಳುತ್ತದೆ, ಎಲ್ಲ ನಿಮಗೆ ಬಾಯಿಪಾಠ. ಆದರೆ ಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರನ ಗುಡಿ, ಒಂಬತ್ತನೆಯ ಶತಮಾನದಷ್ಟು ಹಳೆಯದು, ನಿಮಗೆ ಕಾರು ನಿಲ್ಲಿಸುವ ಜಾಗದ ಗುರುತು ಮಾತ್ರ. ಹೌದು, ಕಾರು. ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿ, ಐವತ್ತು ಚಿಲ್ಲರೆ ಕಿಲೋಮೀಟರ್ ಡೀಸೆಲ್ ಸುಟ್ಟು ಬಂದು, ಕೊನೆಯ ಏಳೆಂಟು ಕಿಲೋಮೀಟರ್ ತುಳಿದು, "ಪರಿಸರಕ್ಕಾಗಿ" ಎಂದು ಫೋಟೊ ಕೆಳಗೆ ಬರೆಯುವವರೂ ನಿಮ್ಮಲ್ಲಿದ್ದಾರೆ. ಅರ್ಕಾವತಿ ಹುಟ್ಟುವುದು ಇದೇ ಬೆಟ್ಟದಲ್ಲಿ. ಪರಿಸರಕ್ಕಾಗಿ ಹೋದವರು ಅದನ್ನೂ ಒಮ್ಮೆ ವಿಚಾರಿಸಿಕೊಂಡು ಬರಬಹುದಿತ್ತು.

ದೂರದ ಸವಾರಿಯನ್ನು ಗೊತ್ತಾದ ಗಂಟೆಯೊಳಗೆ ಮುಗಿಸುವ ಬ್ರೆವೆಯವರನ್ನು ಮಾತ್ರ ನಾನು ಕೈಮುಗಿದೇ ಮಾತಾಡಿಸುತ್ತೇನೆ. ಪ್ಯಾರಿಸ್ಸಿನ ಕ್ಲಬ್ಬೊಂದು ಗೆರೆ ಎಳೆದಿದೆ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಬಹುಮಾನವಿಲ್ಲ, ಮೊದಲನೆಯವ ಕೊನೆಯವ ಎಂಬುದಿಲ್ಲ, ಕಾರ್ಡಿನ ಮೇಲೆ ಮುದ್ರೆ ಬಿದ್ದರೆ ಸಾಕು. ಮುದ್ರೆ ಹಾಕುವವರಿಲ್ಲದ ಕಡೆ ಎಟಿಎಂ ಚೀಟಿಯೂ ನಡೆಯುತ್ತದಂತೆ. ನಡುರಾತ್ರಿ ಎರಡು ಗಂಟೆಗೆ ಹೆಲ್ಮೆಟ್ಟು, ಫಳಫಳ ಹೊಳೆಯುವ ಅಂಗಿ ತೊಟ್ಟ ನಾಲ್ಕು ಜನ ಒಂದು ಸಣ್ಣೂರಿನ ಎಟಿಎಂಗೆ ನುಗ್ಗಿ, ತಲಾ ನೂರು ರೂಪಾಯಿ ತೆಗೆದು, ದುಡ್ಡಿಗಿಂತ ಜೋಪಾನವಾಗಿ ಚೀಟಿಯನ್ನು ಮಡಚಿಟ್ಟುಕೊಳ್ಳುವುದನ್ನು ಕಂಡ ಕಾವಲುಗಾರನಿಗೆ ಹೇಗಾಗಿರಬೇಡ! ಇವರ ಕಾಶಿಯಾತ್ರೆಯೆಂದರೆ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. 1891ರಲ್ಲಿ ಶುರುವಾದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 1200 ಕಿಲೋಮೀಟರ್, 90 ಗಂಟೆ. ಮೂರು ರಾತ್ರಿ ನಿದ್ದೆ ಕೆಟ್ಟು, ಬಸ್‌ಸ್ಟಾಪಿನ ಬೆಂಚಿನಲ್ಲಿ ಕಾಲು ಗಂಟೆ ಒರಗಿ ಮತ್ತೆ ಹೊರಡುವ ಈ ಹಟ ಇದೆಯಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ಪತ್ರದ ಕೊನೆಯಲ್ಲಿ ಇದರ ಮೇಲೆ ಒಂದು ಬೇಡಿಕೆ ಇಡುವವನಿದ್ದೇನೆ.

ಅದಕ್ಕೂ ಮೊದಲು ನಿಮ್ಮಲ್ಲೊಬ್ಬರ ಪಂಚರ್ ಕಥೆ. ನಂದಿ ಕ್ರಾಸಿನ ಆಚೆ ಹುಣಸೆಮರದ ಕೆಳಗೆ ಒಂದು ಪಂಚರ್ ಅಂಗಡಿ ಇದೆ. ಬಳಗದವರೊಬ್ಬರು ಸೈಕಲ್ ನೂಕಿಕೊಂಡು ಅಲ್ಲಿಗೆ ಬಂದರು. ಬರುವಷ್ಟರಲ್ಲಿ ವಾಟ್ಸ್ಆ್ಯಪಿನಲ್ಲಿ ವಿಚಾರಸಂಕಿರಣವೇ ಮುಗಿದಿತ್ತು. "ಟ್ಯೂಬ್‌ಲೆಸ್ ಹಾಕ್ಸು ಅಂದೆ, ಕೇಳಿದ್ಯಾ ಮಗಾ?", "ಇಪ್ಪತ್ತೆಂಟು ಎಂಎಂ ಟೈರ್ ಹಾಕಿದ್ರೆ ಹೀಗಾಗ್ತಿರಲಿಲ್ಲ", "ನನ್ನ ಹತ್ರ ಸೀಲೆಂಟ್ ಇದೆ, ಆದ್ರೆ ನಾನು ಮನೇಲಿದೀನಿ." ಅಂಗಡಿಯವರು ಅದ್ಯಾವುದನ್ನೂ ಕೇಳಲಿಲ್ಲ. ಟೈರ್ ಬಿಚ್ಚಿ ಹೆಬ್ಬೆರಳನ್ನು ಅದರ ಒಳಮೈಯಲ್ಲಿ ಒಂದು ಸುತ್ತು ನಿಧಾನಕ್ಕೆ ಓಡಿಸಿದರು. ಒಂದು ಕಡೆ ಬೆರಳು ನಿಂತಿತು. ಚಿಮಟಿಗೆಯಿಂದ ಎಳೆದರೆ ಕೂದಲೆಳೆಯಷ್ಟು ತೆಳ್ಳಗಿನ ತಂತಿಯ ಚೂರು. "ಲಾರಿ ಟೈರಿಂದು ಸಾರ್. ಹೈವೇಲಿ ಟೈರ್ ಒಡೆದ್ರೆ ರಸ್ತೆ ತುಂಬ ಇದೇ" ಎಂದರು. ಟ್ಯೂಬನ್ನು ಬಾಣಲೆ ನೀರಿಗೆ ಹಿಡಿದು ಗುಳ್ಳೆ ನೋಡಿ, ಉಜ್ಜಿ, ಸಲ್ಯೂಷನ್ ಸವರಿ, ಊದಿ ಆರಿಸಿ, ತೇಪೆ ಕೂರಿಸಿ, ಸುತ್ತಿಗೆಯಲ್ಲಿ ಎರಡೇಟು ಹಾಕಿದರು.

ತೊಡಕಾದದ್ದು ಗಾಳಿಗೆ. ಸಣ್ಣ ಕತ್ತಿನ ಆ ವಾಲ್ವಿಗೆ ಅಂಗಡಿಯ ಪಂಪು ಕೂರಲೊಲ್ಲದು. ಆಗ ನಿಮ್ಮವರ ಜಿಪ್ಪಿನ ಚೀಲದ ತಳದಲ್ಲಿ, ಎಲೆಕ್ಟ್ರೊಲೈಟ್ ಪುಡಿಯ ಪೊಟ್ಟಣಗಳ ಅಡಿಯಲ್ಲಿ, ಬೆರಳುಗುರಿನಷ್ಟು ಹಿತ್ತಾಳೆಯ ಅಡಾಪ್ಟರ್ ಸಿಕ್ಕಿತು. ಅದು ಏತಕ್ಕೆ ಬರುತ್ತದೆಂದು ಒಡೆಯರಿಗೆ ಹೇಳಿಕೊಟ್ಟವರು ಅಂಗಡಿಯವರೇ.

"ಎಷ್ಟು ಗಾಳಿ ಸಾರ್?"

"ಎಂಬತ್ತೈದು ಪಿಎಸ್ಐ. ಕರೆಕ್ಟಾಗಿ ಎಂಬತ್ತೈದೇ ಇರಬೇಕು."

ಅವರು ಪಂಪು ಹೊಡೆದು, ಟೈರನ್ನು ಎರಡು ಬೆರಳಲ್ಲಿ ಹಿಸುಕಿ, "ಎಂಬತ್ತೈದಾಯ್ತು ಸಾರ್" ಎಂದರು. ನಿಮ್ಮವರು ತಲೆಯಾಡಿಸಿ ಹೊರಟರು.

ಆ ದಿನದ ಚರ್ಚೆಯನ್ನು ನಾನು ಕಾದು ಕುಳಿತು ಕೇಳಿದೆ. ಟೈರ್ ಯಾವ ಕಂಪನಿಯದಿರಬೇಕು ಎಂಬುದರ ಮೇಲೆ ಎರಡು ರೌಂಡ್ ಕಾಫಿ ಆಯಿತು. ರಸ್ತೆಯ ಅಂಚಿಗೆ ಬಿದ್ದಿರುವ ಆ ತಂತಿಯನ್ನು ಯಾರು ಗುಡಿಸಬೇಕು ಎಂದು ಒಬ್ಬರೂ ಕೇಳಲಿಲ್ಲ. ನನ್ನ ತಕರಾರು ಇಷ್ಟೇ, ಸ್ವಾಮಿ. ಸೈಕಲ್ಲಿನ ಒಂದೊಂದು ಕಡ್ಡಿಯ ಬಗ್ಗೆಯೂ ನಿಮ್ಮಲ್ಲಿ ಮಾತಿದೆ. ಸೈಕಲ್ ಓಡಬೇಕಾದ ದಾರಿಯ ಬಗ್ಗೆ ಇಲ್ಲ.

ದಾರಿಯ ಕಥೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಹಿಂದೆ ಮುನಿಸಿಪಾಲಿಟಿಗಳು ಸೈಕಲ್ಲಿಗೆ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದವು. ರಾತ್ರಿ ದೀಪವಿಲ್ಲದಿದ್ದರೆ, ಡಬಲ್ ರೈಡ್ ಹೋದರೆ ಪೊಲೀಸರು ಹಿಡಿದು ಗಾಳಿ ಬಿಡುತ್ತಿದ್ದರು. ಸೈಕಲ್ ಎಂಬುದೊಂದು ರಸ್ತೆಯ ಮೇಲಿದೆ ಎಂದು ಸರ್ಕಾರಕ್ಕೆ ಆಗ ಕಾಣುತ್ತಿತ್ತು. ಆಮೇಲೆ ಜಯನಗರದಲ್ಲಿ ಸೈಕಲ್ಲಿಗೆಂದು ಮಾಡಿದ ಪಥ ಕಾರು ನಿಲ್ಲಿಸುವವರಿಗೆ ಬಹಳ ಅನುಕೂಲವಾಯಿತು. 2020ರಲ್ಲಿ, ಕೋವಿಡ್ ಹೊತ್ತಿನಲ್ಲಿ, ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿದರು. ಬೈಕಿನವರು ನುಗ್ಗಿದರು, ಮೆಟ್ರೊ ಕೆಲಸ ಬಂತು, ಪಥವೂ ಹೋಯಿತು ಗೂಟವೂ ಹೋಯಿತು. ಅದೇ ವರ್ಷ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ನನ್ನ ಸೈಕಲ್ಲಿನ ತವರುಮನೆಯಾದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿತು. 2006-07ರಿಂದ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸಿಗುತ್ತಿದ್ದ ಸೈಕಲ್ ಕೋವಿಡ್ ಬಂದ ಮೇಲೆ ನಿಂತಿತು. ಊರೂರಿನ ಹೆಣ್ಣುಮಕ್ಕಳು ಜಡೆ ಹಾರಿಸಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದದ್ದು ಆ ಸೈಕಲ್ಲಿನ ಮೇಲೆ. ಅದು ನಿಂತಾಗ ನಿಮ್ಮ ಟೇಬಲ್ಲಿನಲ್ಲಿ ಸೊಲ್ಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಾಗ ಮಾತ್ರ ಒಂದು ವಾರ ಬೇರೆ ಮಾತೇ ಇರಲಿಲ್ಲ. ಆರು ಸಾವಿರದ ಸೈಕಲ್ಲಿಗೆ ನಾನೂರಿಪ್ಪತ್ತು ರೂಪಾಯಿ ಉಳಿದರೆ, ಮೂರು ಲಕ್ಷದ್ದಕ್ಕೆ ಇಪ್ಪತ್ತೊಂದು ಸಾವಿರ ಉಳಿಯುತ್ತದೆ. ಅದರಲ್ಲಿ ಎಷ್ಟು ಗ್ರಾಂ ಕಡಿಮೆ ಮಾಡಿಸಬಹುದೆಂದು ನೀವಾಗಲೇ ಲೆಕ್ಕ ಹಾಕಿರುತ್ತೀರಿ.

ಎಲ್ಲರೂ ಹೀಗೆ ಎಂದು ಹೇಳಿದರೆ ನನ್ನ ನಾಲಗೆಗೆ ಪಾಪ ಸುತ್ತಿಕೊಳ್ಳುತ್ತದೆ. ಕಬ್ಬನ್ ಪಾರ್ಕಿನಲ್ಲಿ 2013ರಲ್ಲಿ ಸೈಕಲ್ ದಿನ ಶುರುವಾದಾಗ ಓಡಾಡಿದವರಲ್ಲಿ ನಿಮ್ಮವರೂ ಇದ್ದರು. ಮಳೆಯಲ್ಲಿ, ಹೊಗೆಯಲ್ಲಿ, ದಿನಾ ಆಫೀಸಿಗೆ ಸೈಕಲ್ಲಿನಲ್ಲೇ ಹೋಗುವವರೂ ಇದ್ದಾರೆ. ಟೇಬಲ್ಲಿನಲ್ಲಿ ಅವರು ಸುಮ್ಮನಿರುತ್ತಾರೆ. ಅವರ ಸರಾಸರಿ ವೇಗ ಹೇಳಿಕೊಳ್ಳುವಂಥದ್ದಲ್ಲ, ಸಿಗ್ನಲ್ಲುಗಳು ಬಿಡುವುದಿಲ್ಲ.

ಈಗ ಆ ಬೇಡಿಕೆ. ನೀವು ಬೈಗಳಿಗೆ ತಕ್ಕವರೆಂದು ನಾನಿಷ್ಟು ಬರೆಯಲಿಲ್ಲ. ಕೆಲಸಕ್ಕೆ ಬರುವ ಜನ ನೀವು. ಯಾವ ರಸ್ತೆಯ ಯಾವ ಕಂಬದ ಎದುರು ಗುಂಡಿಯಿದೆ, ಯಾವ ಮೋರಿ ಜಾಲರಿಯ ಸಂದಿನಲ್ಲಿ ತೆಳು ಟೈರು ಸಿಕ್ಕಿಕೊಳ್ಳುತ್ತದೆ, ಯಾವ ಫ್ಲೈಓವರಿನ ಇಳಿಜಾರಿನಲ್ಲಿ ಬಸ್ಸು ಒತ್ತರಿಸುತ್ತದೆ ಎಂಬುದು ನಿಮ್ಮ ಫೋನುಗಳಲ್ಲಿ ಮೀಟರ್ ಲೆಕ್ಕದಲ್ಲಿದೆ. ಇಷ್ಟು ವಿವರ ಯಾವ ಎಂಜಿನಿಯರ್ ಕಡತದಲ್ಲೂ ಇರಲಾರದು. ಕೇಳುವವರೂ ಹೆಚ್ಚಾಗಿದ್ದಾರೆ: ಒಂದಿದ್ದ ಮಹಾನಗರ ಪಾಲಿಕೆ 2025ರಲ್ಲಿ ಐದಾಗಿದೆ. ಆ ವಿವರವನ್ನು ಕಾಗದಕ್ಕಿಳಿಸಿ, ನಿಮ್ಮ ನಿಮ್ಮ ವಾರ್ಡಿನ ಕಚೇರಿಗೆ ಹೋಗಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆಗಾಗಿ ರಾತ್ರಿಯಿಡೀ ತುಳಿಯುವ ಜನಕ್ಕೆ ಇದು ಕಷ್ಟವಾಗಬಾರದು. ಕೆಲಸ ಆಗುವ ತನಕ ಮತ್ತೆ ಮತ್ತೆ ಹೋಗಿ. ನಿಮ್ಮ ಆಫೀಸಿನಲ್ಲಿ, ಮಾಲಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಸೈಕಲ್ ನಿಲ್ಲಿಸಲು ನೆರಳಿರುವ ಒಂದು ಜಾಗ ಕೇಳಿ. ನಿಮ್ಮದಕ್ಕಷ್ಟೇ ಅಲ್ಲ, ಗೇಟಿನಲ್ಲಿ ಕೂರುವವರದಕ್ಕೂ, ಹಾಲಿನವರದಕ್ಕೂ, ಮನೆಗೆಲಸಕ್ಕೆ ಬರುವವರದಕ್ಕೂ. ಅವರ ಮಾತಿಗೆ ಮ್ಯಾನೇಜರು ತಲೆ ಎತ್ತುವುದಿಲ್ಲ. ನಿಮ್ಮ ಮಾತಿಗೆ ಎತ್ತುತ್ತಾರೆ.

ತೊಂಬತ್ತು ಗಂಟೆ ನಿದ್ದೆಗೆಟ್ಟು ಫ್ರಾನ್ಸಿನ ರಸ್ತೆ ತುಳಿಯುವ ತಾಕತ್ತು ನಿಮಗಿದೆ. ತಿಂಗಳಿಗೊಂದು ಗಂಟೆ ವಾರ್ಡ್ ಕಚೇರಿಯ ಬೆಂಚಿನ ಮೇಲೆ ಕೂರಿ. ಅಲ್ಲಿ ಏನಾಯಿತೆಂದು ಬರುವ ಭಾನುವಾರ ಹೋಟೆಲಿನಲ್ಲಿ ಎಷ್ಟು ಜೋರಾಗಿ ಬೇಕಾದರೂ ಮಾತಾಡಿ, ಕೇಳುತ್ತೇನೆ.

ಇಂತಿ,
ಒಂದೇ ಗೇರಿನವನು